ಕೌದಿಯ ಹೊಟ್ಟೆ

ನಾನು ಸಾಲೆ ಬಿಟ್ಟದ್ದು ೧೯೮೯ರಲ್ಲಿ, ಏಳನೆಯ ಇಯತ್ತೆ ಅರ್ಧಕ್ಕೆ ಬಂದಿದ್ದಾಗ. ಅಪ್ಪ ತೀರಿಕೊಂಡ ವರ್ಷ ಅದು. ತಿಂಗಳು ಕಳೆಯುವುದರೊಳಗೆ ವಿಜಯಪುರದಲ್ಲಿ ಸೋದರಮಾವನ ಬಡಿಗತನದ ಅಂಗಡಿಯಲ್ಲಿ ಉಳಿ ಹಿಡಿದು ಕೂತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬರೆಯುವುದು ನನ್ನ ಕಸುಬಲ್ಲ. ಮೂಲೆ ಕೂಡಿಸುವುದು ನನ್ನ ಕಸುಬು. ನಾನು ಕೂಡಿಸಿದ ಮೂಲೆಯಲ್ಲಿ ಇವತ್ತಿನವರೆಗೂ ಯಾರೂ ಕೂದಲೆಳೆಯಷ್ಟು ಸಂದಿ ತೋರಿಸಿಲ್ಲ. ಆದರೆ ಇದೊಂದು ಮೂಲೆ, ಎಷ್ಟು ಸಲ ಹಿಡಿದು ನೋಡಿದರೂ ಕೂಡುತ್ತಿಲ್ಲ.

ಹೋದ ವಾರ ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿದೆ. ಮಗಳು ಯೂನಿವರ್ಸಿಟಿಗೆ ಹೊರಟಿದ್ದಾಳೆ, ಅಜ್ಜಿಯ ಕೌದಿ ಬೇಕಂತೆ. ಮುಚ್ಚಳ ತೆರೆದಾಗ ಮೊದಲು ನುಸಿಗುಳಿಗೆಯ ವಾಸನೆ ಬಂತು. ಅದರ ಅಡಿಯಲ್ಲಿ ಇನ್ನೊಂದು, ನೀಲಗಿರಿ ಎಣ್ಣೆಯದು. ನಮ್ಮ ಮನೆಯಲ್ಲಿ ಆ ಎಣ್ಣೆಯನ್ನು ಯಾರೂ ಮುಟ್ಟುವುದಿಲ್ಲ. ಅವ್ವ ತನ್ನ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರ ಕೂಡಿಸಿ ಹೊಲಿದ ಕೌದಿಗೆ ಆ ವಾಸನೆ ಬರುವ ಕಾರಣವೇ ಇಲ್ಲ. ಅದು ಹಳೆಯ ಬಾಡಿಗೆಮನೆಯಲ್ಲಿ ನಮ್ಮ ಮೇಲಿದ್ದವರ ವಾಸನೆ, ಗಂಟಲಿಗೆಂದು ಅವರು ದಿನವೂ ಹಚ್ಚಿಕೊಳ್ಳುತ್ತಿದ್ದದ್ದು...

ಹೆಂಡತಿಗೆ ಇಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕು, ಅವಳ ಬೆನ್ನಿಗೆ ನಾನೂ ಮಗಳೂ ಬಂದಿದ್ದೆವು. ಆಗ ಇಲ್ಫರ್ಡಿನ ಸಾಲುಮನೆಯೊಂದರ ಕೆಳಗಿನ ಎರಡು ಕೋಣೆ ನಮ್ಮದು, ಮೇಲಿನ ಎರಡು ಅವರದು. ಎಪ್ಪತ್ತು ದಾಟಿದ ಒಂಟಿ ಇಂಗ್ಲಿಷ್ ಮನುಷ್ಯ. ಆದರೆ ಮೆಟ್ಟಿಲ ಮೇಲಿಂದ ಕೇಳುತ್ತಿದ್ದುದು ಒಬ್ಬರ ದನಿಯಲ್ಲ. ಬೆಳಿಗ್ಗೆ ಒಬ್ಬ ಪಾದ್ರಿ, ಮಧ್ಯಾಹ್ನ ಒಬ್ಬಳು ಜಗಳಗಂಟಿ, ಸಂಜೆ ಶೀತವಾದ ಕರಡಿ.

“ಮ್ಯಾಲ ಎಷ್ಟು ಮಂದಿ ಅದಾರ್ರೀ?” ಎಂದು ಹೆಂಡತಿ ಕೇಳಿದಳು. “ಬಾಡಿಗಿ ಒಬ್ಬರದ ಕೊಡತಾರೇನು?”

ಅವರು ನಟ ಎಂದು ಗೊತ್ತಾದದ್ದು ಆಮೇಲೆ. ಚಿಕ್ಕಂದಿನಲ್ಲಿ ನಾಟಕ, ವಯಸ್ಸಿನಲ್ಲಿ ಟಿವಿ ಮತ್ತು ಸಿನಿಮಾ. ದೊಡ್ಡ ಪಾತ್ರಗಳಲ್ಲ. ಬಾಗಿಲು ತಟ್ಟುವ ಪೊಲೀಸ, ಕೆಟ್ಟ ಸುದ್ದಿ ಹೇಳುವ ಡಾಕ್ಟರ್, ಮೊದಲ ಹತ್ತು ನಿಮಿಷದಲ್ಲೇ ಕೊಲೆಯಾಗುವ ಅಂಗಡಿಯವ. “ಒಂಬತ್ತು ಸಲ ಸತ್ತಿದ್ದೇನೆ ಬಾಸ್,” ಎಂದು ಅವರೇ ಹೇಳುತ್ತಿದ್ದರು. ನನ್ನನ್ನು ಬಾಸ್ ಎಂದೇ ಕರೆಯುವುದು. “ಅದರಲ್ಲಿ ಎರಡೇ ಸಲ ಹಾಸಿಗೆಯ ಮೇಲೆ.” ಮುಖಕ್ಕೆ ಕೆಲಸ ಬರುವುದು ನಿಂತ ಮೇಲೆ ಗಂಟಲಿಗೆ ಬರತೊಡಗಿತಂತೆ. ಸಾಬೂನಿನ ಜಾಹೀರಾತು, ಕುರುಡರಿಗೆ ಓದಿ ಹೇಳುವ ಪುಸ್ತಕ, ಮಕ್ಕಳ ಕಾರ್ಟೂನು. ಬೀದಿಯಲ್ಲಿ ಯಾರೂ ಅವರ ಗುರುತು ಹಿಡಿಯುತ್ತಿರಲಿಲ್ಲ. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಬಾಯಿ ತೆರೆದರೆ ಮಾತ್ರ ಯಾವುದೋ ಮಗು ತಾಯಿಯ ಕೋಟು ಜಗ್ಗುತ್ತಿತ್ತು.

ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಆಗ ನನಗೆ ಅದು ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ತಲೆಯಾಡಿಸುತ್ತಿದ್ದೆ. ನೆನಪಿನಲ್ಲಿ ಮಾತ್ರ ಎಲ್ಲವೂ ಕನ್ನಡದಲ್ಲೇ ಕೇಳುತ್ತದೆ, ಅದು ಹೇಗೋ...

ಮಲಗುವ ಕೋಣೆಯ ಮೂಲೆಯಲ್ಲಿ ಒಂದು ಕಪಾಟು ಬೇಕು, ಮನುಷ್ಯ ಒಳಗೆ ನಿಲ್ಲುವಷ್ಟು ದೊಡ್ಡದು ಎಂದರು. ಕೋಟು ತೂಗುಹಾಕಲು ಎಂದುಕೊಂಡೆ. ಲಂಡನ್ನಿನಲ್ಲಿ ನನ್ನ ಕೈಯ ಮೊದಲ ಸ್ವಂತ ಕೆಲಸ ಅದು. ಒಳಗೆಲ್ಲ ಪ್ಲೈವುಡ್ ಉಜ್ಜಿ ಕನ್ನಡಿಯಂತೆ ಪಾಲಿಶ್ ಮಾಡಿದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಎರಡು ಮಾತಾಡಿದರು. ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಕೆಲಸ ಬಹಳ ಚೆಂದ, ಆದರೆ ಕೊಡದೊಳಗೆ ನಿಂತು ಮಾತಾಡಿದ ಹಾಗಿದೆ ಎಂದರು. ಅದು ದನಿ ಹಿಡಿಯುವ ಕಪಾಟು. ಮೈಕು ಇಟ್ಟುಕೊಂಡು ಮನೆಯಲ್ಲೇ ಕೆಲಸ ಮಾಡುವುದಕ್ಕೆ. ಅದಕ್ಕೆ ಒಳಗೆಲ್ಲ ಮೆತ್ತಗಿರಬೇಕು.

ನನಗೆ ಅವಮಾನವಾಯಿತು. ಅವರ ಎರಡು ರಜಾಯಿಗಳನ್ನು ಎರಡು ಕಡೆ ಮೊಳೆ ಹೊಡೆದು ತೂಗಿಸಿದೆವು. ಮೂರನೆಯ ಗೋಡೆ ಬರಿದಾಗಿ ಉಳಿಯಿತು. ನಾನು ಮಾಡಿದ ಕೆಲಸ ಅರ್ಧಕ್ಕೆ ನಿಲ್ಲುವುದೆಂದರೇನು? ಕೆಳಗೆ ಹೋಗಿ ಅವ್ವನ ಕೌದಿ ತಂದು ಮೊಳೆಗೆ ಕಟ್ಟಿದೆ. ಅವರು ಬೇಡ ಬೇಡ ಎಂದರೂ ಬಿಡಲಿಲ್ಲ.

ಅವ್ವ ತೀರಿಕೊಂಡು ಆಗ ವರ್ಷವೂ ಆಗಿರಲಿಲ್ಲ. ನಮ್ಮ ಪಾಸ್‌ಪೋರ್ಟುಗಳು ವೀಸಾದ ಕಚೇರಿಯಲ್ಲಿದ್ದವು. ಮಣ್ಣಿಗೆ ಹೋಗಲಾಗಲಿಲ್ಲ.

ಮೂರು ವಾರ ಕಳೆದಿರಬೇಕು, ಅವರು ಒಂದು ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಬಂದರು. ಬಸಿಯಲ್ಲಿ ಒಣಗಿ ಹಂಚಿನ ಚೂರಿನಂತಾದ ಏನೋ ಒಂದಿತ್ತು. ದನಿ ಹಿಡಿಯುವಾಗೆಲ್ಲ ಮೈಕಿನಲ್ಲಿ ಚರ್ ಚರ್ ಎನ್ನುತ್ತಿತ್ತಂತೆ. ಬಾಯಿಯ ಸದ್ದೆಂದು ಅವರು ಹಸಿರು ಸೇಬು ತಿಂದು ನೋಡಿದ್ದರು. ಸೇಬು ತಿಂದರೆ ನಾಲಿಗೆಯ ಅಂಟು ಹೋಗುತ್ತದಂತೆ, ಅವರ ಕಸುಬಿನಲ್ಲಿ ಹಾಗೆ ಮಾಡುತ್ತಾರೆ. ಸದ್ದು ಹೋಗಲಿಲ್ಲ. ಕೊನೆಗೆ ಹುಡುಕುತ್ತ ಹುಡುಕುತ್ತ ಕೌದಿಯ ಮೂಲೆಗೆ ಕೈ ಬಂದು, ನಾಲ್ಕು ಹೊಲಿಗೆ ಬಿಚ್ಚಿದ್ದಾರೆ. “ನಾನು ಏನನ್ನೋ ಕೆಡಿಸಿದೆನಾ ಬಾಸ್?” ಎಂದರು.

ಅದು ಹೋಳಿಗೆಯ ತುಂಡು. ನಮ್ಮ ಕಡೆ ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ತುಂಡು ಹೋಳಿಗೆ ಇಟ್ಟು ಮುಚ್ಚುತ್ತಾರೆ. ಹಸಿದ ಹೊಟ್ಟೆಯ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ ಎಂದು ಹೆಂಗಸರ ಮಾತು. ನನ್ನ ಹರಕು ಇಂಗ್ಲಿಷಿನಲ್ಲಿ ಅಷ್ಟನ್ನೂ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಇಡುವಾಗ ನಿನ್ನ ತಾಯಿ ಏನಾದರೂ ಹೇಳುತ್ತಿದ್ದಳಾ ಎಂದು ಕೇಳಿದರು.

ಹೇಳುತ್ತಿದ್ದಳು. ಮೊದಲು ಮೂಗಿನಲ್ಲಿ ಒಂದು “ಹೂಂ...” ಎಳೆಯುವಳು, ಸೂಜಿಗೆ ದಾರ ಪೋಣಿಸುವಾಗಿನ ಹಾಗೆ. ಆಮೇಲೆ, “ತಗೋ ನಮ್ಮವ್ವಾ, ನೀ ಮೊದಲ ಉಣ್ಣು, ಆಮ್ಯಾಲ ನನ್ನ ಮಕ್ಕಳನ್ನ ಬೆಚ್ಚಗ ಇಡು.”

ಅವರು ಇನ್ನೊಮ್ಮೆ ಎಂದರು. ಹೇಳಿದೆ. ಇನ್ನೊಮ್ಮೆ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಿದ್ದಳು? ಹಲ್ಲು ಇದ್ದವಾ? ಕೂತೇ ಹೇಳುತ್ತಿದ್ದಳಾ? ಆಮೇಲೆ ಕಣ್ಣು ಮುಚ್ಚಿ ಅದೇ ಮಾತನ್ನು ಅವರು ಹೇಳಿದರು. ಕನ್ನಡ ಒಂದಕ್ಷರ ಬಾರದ ಮನುಷ್ಯ. ಬಂದದ್ದು ಅವ್ವನ ದನಿ. ಒಲೆಯ ಮುಂದಿದ್ದ ಹೆಂಡತಿ ಸೌಟು ಹಿಡಿದೇ ತಿರುಗಿ ನೋಡಿದಳು.

ಎದ್ದು ಹೋಗುವಾಗ ಅವರು ಇನ್ನೂ ಏನೋ ಉದ್ದವಾಗಿ ಕೇಳಿದರು. ನಾನು ತಲೆಯಾಡಿಸಿದೆ. ಇನ್ನೊಂದು ಹೋಳಿಗೆ ಇಡಬೇಕಲ್ಲವೇ ಎಂದಿರಬಹುದು, ಯಾಕೆಂದರೆ “ಇರಲಿ ಬಿಡಿ, ಹಳೇ ಬಟ್ಟೆ ಅದು” ಎಂದದ್ದು ನೆನಪಿದೆ. ಬೇರೆ ಏನನ್ನೋ ಕೇಳಿರಲೂಬಹುದು...

ಮುಂದಿನ ಚಳಿಗಾಲದಲ್ಲಿ ಒಂದು ಶನಿವಾರ ಬೆಳಿಗ್ಗೆ, ಆರು ವರ್ಷದ ಮಗಳು ಟಿವಿ ಮುಂದೆ ಕೂತಿದ್ದಳು. ಕಾರ್ಟೂನಿನಲ್ಲಿ ಒಂದು ಮುದಿ ಆಮೆ, ಕಾಡಿನ ಮರಿಗಳಿಗೆಲ್ಲ ಹೊದಿಕೆ ಹೊಲಿದುಕೊಡುವ ಅಜ್ಜಿ ಆಮೆ. ಅದು ಮೊದಲು “ಹೂಂ...” ಎಂದಿತು. ಆಮೇಲೆ ಮಾತು ಇಂಗ್ಲಿಷು, ಎಳೆತ ಅವ್ವನದು. ಮೊದಲು ಉಣ್ಣು, ಆಮೇಲೆ ಮಕ್ಕಳನ್ನು ಬೆಚ್ಚಗಿಡು.

ಮಗಳು ತಿರುಗಿ ನೋಡಿದಳು. ಪ್ರತಿ ಭಾನುವಾರ ಫೋನಿನಲ್ಲಿ ಕೇಳಿದ್ದ ದನಿ ಅವಳಿಗೆ ಮರೆತಿರಲಿಲ್ಲ. “ಅಪ್ಪಾ, ಈಸ್ ಅಜ್ಜಿ ನಾಟ್ ಡೆಡ್?”

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಮೆಟ್ಟಿಲು ಹತ್ತಿದ್ದು, ಕಪಾಟಿನ ಬಾಗಿಲು ಎಳೆದದ್ದು, ಕೌದಿಯನ್ನು ಮೊಳೆಸಮೇತ ಕಿತ್ತದ್ದು. ಅವರು ಅರ್ಧ ಕಚ್ಚಿದ ಸೇಬು ಹಿಡಿದು ನಿಂತಿದ್ದರು. “ನನ್ನ ತಾಯಿಯನ್ನು ಪ್ರಾಣಿ ಮಾಡಿದಿರಿ,” ಎಂದೆ, ಅಥವಾ ಹಾಗೆನ್ನಲು ಹೊರಟೆ. “ನಾನು ಅವತ್ತೇ ನಿನ್ನ ಒಪ್ಪಿಗೆ ಕೇಳಿದ್ದೆ ಬಾಸ್,” ಎಂದರು ಮೆಲ್ಲಗೆ. ಆಮೇಲೆ, ನಿಜವಾಗಿಯೂ ತಿಳಿಯಬೇಕೆನ್ನುವ ಮುಖದಲ್ಲಿ, “ತಪ್ಪಾಗಿ ಬಂತೇ?”

ತಪ್ಪಾಗಿ ಬಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅದನ್ನು ಹೇಳಲು ಬೇಕಾದ ಇಂಗ್ಲಿಷು ನನ್ನಲ್ಲಿರಲಿಲ್ಲ. ಈಗ ಇಂಗ್ಲಿಷು ಇದೆ.

“ಹಿರಿಯರು, ಒಂದು ಮಾತು ಆಡಿ ಬರ್ರಿ,” ಎಂದು ಹೆಂಡತಿ ಹಲವು ಸಲ ಹೇಳಿದಳು. “ನಿಮ್ಮ ಸಿಟ್ಟಿಗೂ ನಿಮ್ಮ ಪಾಲಿಶ್ ಹಚ್ಚೀರಿ ಕಾಣತೈತಿ, ಒಂದೀಟೂ ಮಾಸವಲ್ದು.” ನಾನು ಹೋಗಲಿಲ್ಲ. ಮೆಟ್ಟಿಲ ಬಳಿ ಎದುರಾದರೆ ಅವರು ಟೋಪಿ ಮುಟ್ಟಿಕೊಳ್ಳುತ್ತಿದ್ದರು, ನಾನು ಬೀಗ ತಿರುವುತ್ತಿದ್ದೆ. ಮರುವರ್ಷ ಆ ಕಾರ್ಟೂನು ಮತ್ತೆ ಬಂದಾಗ ಆಮೆಗೆ ಬೇರೆ ಯಾರದೋ ದನಿ. ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಅವರೇ ಬಿಟ್ಟರೋ, ಬಿಡಿಸಿದರೋ, ನನ್ನ ಸಲುವಾಗಿ ಬಿಟ್ಟರೋ... ಬಹಳ ವರ್ಷಗಳ ಮೇಲೆ ಅವರನ್ನು ಮತ್ತೆ ಮತ್ತೆ ಕರೆದ ಕೆಲಸ ಅದೊಂದೇ ಎಂದು ಒಮ್ಮೆ ಹೇಳಿದ್ದರು. ಆಮೇಲೆ ಮಾಳಿಗೆಗೆ ಕಿವಿಗೊಟ್ಟರೆ ಪಾದ್ರಿಯೂ ಇರಲಿಲ್ಲ, ಕರಡಿಯೂ ಇರಲಿಲ್ಲ. ಒಬ್ಬರೇ ಕೆಮ್ಮುವುದು ಕೇಳುತ್ತಿತ್ತು. ಅದು ಅವರ ಸ್ವಂತ ದನಿಯಿರಬೇಕು.

ನಾವು ಸ್ವಂತ ಮನೆಗೆ ಬಂದು ಎರಡು ವರ್ಷವಾಗಿತ್ತು. ವ್ಯಾನಿನಲ್ಲಿ ಆ ಬೀದಿಯಲ್ಲಿ ಹೋಗುವಾಗ ಹಳೆಯ ಮನೆಯ ಮುಂದೆ, ಮನೆ ಖಾಲಿ ಮಾಡುವಾಗ ಇಲ್ಲಿ ತರಿಸುವ ಕಸದ ದೊಡ್ಡ ತೊಟ್ಟಿ ನಿಂತಿತ್ತು. ಅದರೊಳಗಿಂದ ಪ್ಲೈವುಡ್ ಹಲಗೆಯೊಂದು ಹೊರಗೆ ಚಾಚಿತ್ತು. ನನ್ನ ಪಾಲಿಶ್, ನೂರು ಗಜದಿಂದಲೇ ಗುರುತು ಸಿಕ್ಕಿತು. ಮೂಲೆ ಬಿಟ್ಟುಕೊಂಡಿರಲಿಲ್ಲ, ಹಲಗೆಯನ್ನೇ ಒಡೆದಿದ್ದರು. ಹಿಂದೆ ಬಸ್ಸು ಹಾರ್ನ್ ಹೊಡೆಯಿತು. ನಾನು ನಿಲ್ಲಿಸಲಿಲ್ಲ.

ಹೋದ ವಾರ ಕೌದಿಯನ್ನು ಹಾಸಿಗೆಯ ಮೇಲೆ ಹರಡಿ ಹೆಂಡತಿ ಹರಿದದ್ದೇನಾದರೂ ಇದೆಯೇ ಎಂದು ಅಂಚು ಹಿಡಿದು ನೋಡುತ್ತ ಬಂದಳು. ಒಂದು ಮೂಲೆಯಲ್ಲಿ ಕೈ ನಿಲ್ಲಿಸಿದಳು.

“ಇಲ್ಲಿ ನೋಡ್ರಿ. ಈ ಹೊಲಿಗಿ ಅತ್ತಿಯವರದಲ್ಲ.”

ಕಪ್ಪು ದಾರ, ಹತ್ತಿರ ಹತ್ತಿರದ ಸಣ್ಣ ಹೊಲಿಗೆ. ನಾಟಕದ ದಿನಗಳಲ್ಲಿ ನಮ್ಮ ಬಟ್ಟೆ ನಾವೇ ಹೊಲಿದುಕೊಳ್ಳುತ್ತಿದ್ದೆವು ಎಂದು ಅವರು ಹೇಳಿದ್ದರು. ಅವಳು ಕತ್ತರಿ ಹಾಕಿದಳು. ಒಳಗಿಂದ ಹಸಿರು ಉಣ್ಣೆ ಬಟ್ಟೆಯ ಪುಟ್ಟ ಗಂಟು ಬಂತು, ನಾಲ್ಕು ಮಡಿಕೆ ಸುತ್ತಿದ್ದು. ಅದರೊಳಗೆ ಕಂದು ಪುಡಿ. ಕೇಕೋ ಬ್ರೆಡ್ಡೋ, ಈಗ ಹೇಳಲು ಬರುವಂತಿರಲಿಲ್ಲ. ಕೌದಿ ಹಸಿದಿರಬಾರದು, ಮೈಕಿಗೆ ಸದ್ದೂ ಕೇಳಬಾರದು. ಅದಕ್ಕೆ ಉಣ್ಣೆ. ಇರಲಿ ಬಿಡಿ ಎಂದಿದ್ದವನು ನಾನು.

ನಾನು ಹಾಸಿಗೆಯ ತುದಿಯಲ್ಲಿ ಕೂತೆ. ಕದ್ದವರು ಇದನ್ನು ಇಡುತ್ತಾರೆಯೇ? ಇದನ್ನು ಇಟ್ಟವರು ಕದಿಯುತ್ತಾರೆಯೇ? ಅವ್ವನನ್ನು ನೆನೆದರೆ ಮೊದಲು ಕೇಳುವುದು ಆ “ಹೂಂ...” ಈಗ ಅದು ವಿಜಯಪುರದ ಪಡಸಾಲೆಯಿಂದ ಬರುತ್ತದೋ, ನನ್ನ ಕಪಾಟಿನೊಳಗಿಂದ ಬರುತ್ತದೋ ನನಗೆ ತಿಳಿಯುವುದಿಲ್ಲ. ಅವರು ಇರದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲವೇನೋ. ಅವರಿಂದಲೇ ನಿಜವಾದದ್ದು ಅಳಿಸಿಹೋಯಿತೇನೋ. ಕೇಳಬೇಕಾದ ಮನುಷ್ಯ ಇಲ್ಲ. ಅವರನ್ನು ಎಲ್ಲಿ ಹೂಳಿದರೆಂದೂ ನಾನು ವಿಚಾರಿಸಿರಲಿಲ್ಲ.

ಭಾನುವಾರ ಹೆಂಡತಿ ಹೋಳಿಗೆ ಮಾಡಿದಳು. ತುಂಡು ಮುರಿದು ಮೂಲೆಯಲ್ಲಿ ಇಟ್ಟದ್ದು ಮಗಳು. ನಮ್ಮ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಸೂಜಿ ಹಿಡಿದು ಮೂಗಿನಲ್ಲಿ “ಹೂಂ...” ಎಂದಳು. “ತಗೋ ನಮ್ಮವ್ವಾ, ನೀ ಮೊದಲ ಉಣ್ಣು.” ಆ ಎಳೆತವನ್ನು ಅಜ್ಜಿಯಿಂದ ಕಲಿತಳೋ ಆಮೆಯಿಂದ ಕಲಿತಳೋ, ನಾನು ಕೇಳಲಿಲ್ಲ.

ಕೌದಿ ಅವಳ ಜೊತೆ ಹೋಯಿತು. ಈಗ ನನ್ನ ಹತ್ತಿರ ಇರುವುದು ಮೂರು ಕೋಣೆಯ ಮನೆ ಒಂದು, ವ್ಯಾನು ಎರಡು, ಕೈಕೆಳಗೆ ಕೆಲಸದವರು ನಾಲ್ಕು, ಮಾವ ಕೊಟ್ಟ ಉಳಿ ಏಳು, ನಾಲ್ಕು ಮಡಿಕೆಯ ಹಸಿರು ಉಣ್ಣೆ ಬಟ್ಟೆ ಒಂದು.