ಕ್ವಾರಿಯಿಂದ ಬಂದ ಹೆಂಗಸು

೨೦೦೪ರಲ್ಲಿ ನಾನು ಗುಂಡ್ಲುಪೇಟೆ ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಇದ್ದ ನಾಲ್ಕು ನರ್ಸ್ ಹುದ್ದೆಗಳಲ್ಲಿ ಎರಡು ಖಾಲಿ. ಖರ್ಚು ಕಡಿಮೆ ಮಾಡಬೇಕೆಂದು ನೇಮಕಾತಿ ನಿಲ್ಲಿಸಿದ್ದರು. ಗುತ್ತಿಗೆಯ ಮೇಲಿದ್ದ ಅಟೆಂಡರ್ ನೂರ್‌ಜಹಾನ್‌ಗೆ ವಾರಕ್ಕೆ ಮೂರೇ ದಿನ ಕೆಲಸ ಎಂದು ಆದೇಶವಾಗಿತ್ತು. ಅದೇ ಹೊತ್ತಿಗೆ ಸುತ್ತಲಿನ ಕರಿಕಲ್ಲು ಕ್ವಾರಿಗಳಿಗೆ ದೂರದ ರಾಜ್ಯಗಳಿಂದ ಕೂಲಿಯವರು ಬರತೊಡಗಿದ್ದರು. ಕಾಯಿಲೆ ಬಿದ್ದರೆ ಅವರಿಗೂ ನಮ್ಮ ಆಸ್ಪತ್ರೆಯೇ ಗತಿ.

ಒಂದು ಶನಿವಾರ ಮಧ್ಯಾಹ್ನ ಕ್ವಾರಿಯ ಜೀಪ್ ಡ್ರೈವರ್ ಒಬ್ಬ ಹೆಂಗಸನ್ನು ತಂದು ಬೆಂಚಿನ ಮೇಲೆ ಮಲಗಿಸಿದ. ಇಪ್ಪತ್ತೈದು ದಾಟಿರಲಾರದು. ಮೈ ಸುಡುತ್ತಿತ್ತು, ಪ್ರಜ್ಞೆ ಇರಲಿಲ್ಲ.

"ಒರಿಸ್ಸಾದೋಳು ಕಣಮ್ಮ. ಗಂಡ ಊರ್ಗೋಗವ್ನೆ. ಮಿಕ್ಕೋರೆಲ್ಲ ಬೇರೆ ಕ್ವಾರೀಗೆ ಒಂಟೋಗ್ಬುಟ್ರು. ಶೆಡ್ ಮುಂದೆ ಬಿದ್ದಿದ್ಳು, ಎತ್ತಾಕ್ಕೊಂಡು ಬಂದೆ. ಸಾಮಾನ್ ಅದೆ ಅಂತ ಬಾಗ್ಲಿಗೆ ಚಿಲ್ಕಾನೂ ಆಕಿವ್ನಿ," ಎಂದು ಹೇಳಿ ಹೋದ.

ಡಾಕ್ಟರು ಮಲೇರಿಯಾ ಎಂದರು. ಡ್ರಿಪ್ ಹಾಕಿದೆವು.

ಭಾನುವಾರ ಬೆಳಿಗ್ಗೆ ಅವಳು ಕಣ್ಣು ಬಿಟ್ಟಳು. "ಪಿಲಾ, ಪಿಲಾ" ಎಂದು ನನ್ನ ಸೆರಗು ಹಿಡಿದಳು. ಪಿಲ್ ಕೇಳುತ್ತಿದ್ದಾಳೆ ಅಂದುಕೊಂಡು ಜ್ವರದ ಮಾತ್ರೆ ಕೊಟ್ಟೆ. ಉಗಿದಳು. ಸೂಜಿ ಕಿತ್ತುಕೊಂಡು ಏಳಲು ನೋಡಿದಳು. ಆ ಹೊತ್ತಿಗೆ ಪಕ್ಕದ ವಾರ್ಡಿನಲ್ಲಿ ಹಾವು ಕಚ್ಚಿದ ರೈತ, ಒಳಗೆ ಹೆರಿಗೆ. ಇದ್ದವಳು ನಾನೊಬ್ಬಳೇ. "ಸುಮ್ನೆ ಮಲಕ್ಕೊಳವ್ವ" ಎಂದು ಗದರಿ, ಅವಳ ಒಂದು ಕೈಯನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದೆ. ಕಟ್ಟಿದವಳು ನಾನೇ. ಸಂಜೆಯವರೆಗೂ ಅವಳು ಅದೊಂದೇ ಮಾತು ಹೇಳುತ್ತಿದ್ದಳು.

ಸೋಮವಾರ ನೂರ್‌ಜಹಾನ್ ಕೆಲಸಕ್ಕೆ ಬಂದಳು. ಒರಿಸ್ಸಾದವಳು ಮಾತ್ರೆ ಕೇಳುತ್ತಾಳೆ, ಕೊಟ್ಟರೆ ಉಗಿಯುತ್ತಾಳೆ ಎಂದು ಅವಳಿಗೆ ಹೇಳಿದೆ. ನೆಲ ಒರೆಸುತ್ತಾ ತನ್ನ ಮನೆಮಾತು ಉರ್ದುವಿನಲ್ಲಿ ಆ ಹೆಂಗಸನ್ನು ಏನೋ ವಿಚಾರಿಸಿದಳು. ಆ ಹೆಂಗಸು, ನಾನು ಕಟ್ಟದೆ ಬಿಟ್ಟಿದ್ದ ಕೈಯನ್ನು ಮಂಚದ ಪಕ್ಕಕ್ಕೆ ಚಾಚಿ ಒಂದು ಎತ್ತರ ತೋರಿಸಿ, "ಬಚ್ಚಾ" ಎಂದಳು. ಹರುಕು ಹಿಂದಿಯಲ್ಲಿ ಇನ್ನೂ ಏನೇನೋ ಹೇಳಿದಳು.

ನೂರ್‌ಜಹಾನ್ ಬಕೆಟ್ ಅಲ್ಲೇ ಬಿಟ್ಟು ನನ್ನ ಬಳಿ ಓಡಿ ಬಂದಳು. "ಸಿಸ್ಟರ್, ಅವಳು ಕೇಳ್ತಿರೋದು ಮಾತ್ರೆ ಅಲ್ಲ. ಮಗು! ಶೆಡ್ ಒಳಗೆ ಮಲಗಿತ್ತಂತೆ."

ಆಸ್ಪತ್ರೆಯ ಜೀಪಿಗೆ ಡೀಸೆಲ್ ಇರಲಿಲ್ಲ. ನೂರ್‌ಜಹಾನಳ ಗಂಡನ ಆಟೋದಲ್ಲಿ ಹೋದೆವು. ಸಾಲು ಶೆಡ್‌ಗಳಲ್ಲಿ ಹೊರಗಿನಿಂದ ಚಿಲಕ ಹಾಕಿದ್ದುದು ಒಂದೇ. ತೆಗೆದೆ. ಎರಡು ವರ್ಷದ ಗಂಡು ಮಗು, ಬಾಗಿಲ ಸಂದಿಗೆ ಮುಖವಿಟ್ಟು ಮಲಗಿತ್ತು. ಮುಟ್ಟಿದರೆ ಮೈ ತಣ್ಣಗಿತ್ತು.

ವಾಪಸ್ ಬಂದಾಗ ನೂರ್‌ಜಹಾನ್ ವಾರ್ಡಿನ ಹೊರಗೇ ನಿಂತಳು. "ನನ್ನ ಬಾಯಲ್ಲಿ ಹೇಳಿಸಬೇಡಿ ಸಿಸ್ಟರ್."

ನಾನೊಬ್ಬಳೇ ಒಳಗೆ ಹೋದೆ. ಹೇಳಲು ಭಾಷೆ ಇರಲಿಲ್ಲ, ಇದ್ದಿದ್ದರೂ ಹೇಗೆ ಹೇಳುತ್ತಿದ್ದೆನೋ. ಅವಳು ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಖಾಲಿ ಕೈಗಳನ್ನು ನೋಡಿದಳು. ಅಳಲಿಲ್ಲ. ಹೊದಿಕೆ ಎಳೆದು ಮುಖ ಮುಚ್ಚಿಕೊಂಡಳು.

ಮೂರು ದಿನದ ನಂತರ ಗಂಡ ಬಂದು ಕರೆದುಕೊಂಡು ಹೋದ. ಹೋಗುವಾಗ ಹೆಂಡತಿಯನ್ನು ಉಳಿಸಿದ್ದಕ್ಕೆ ನನಗೆ ಕೈ ಮುಗಿದ. ವಿಚಾರಣೆಯಲ್ಲಿ ನನ್ನ ತಪ್ಪೇನೂ ಇಲ್ಲ, ಸಿಬ್ಬಂದಿ ಕೊರತೆ ಇತ್ತು ಎಂದು ಬರೆದರು. ಕೊರತೆ ಇದ್ದದ್ದು ನಿಜ. ಆದರೂ ಮನಸ್ಸು ಒಪ್ಪಲಿಲ್ಲ.

ಅಂದಿನಿಂದ ನಿವೃತ್ತಿಯವರೆಗೆ, ಯಾವ ರೋಗಿ ಬಂದರೂ ಥರ್ಮಾಮೀಟರ್ ಇಡುವ ಮೊದಲು, ಮನೆಯಲ್ಲಿ ಯಾರನ್ನು ಬಿಟ್ಟು ಬಂದಿದ್ದೀರಿ ಎಂದು ಕೇಳುತ್ತಿದ್ದೆ. ಅವರ ಮಾತು ಅರ್ಥವಾಗದಿದ್ದರೆ ಬಸ್ ಸ್ಟ್ಯಾಂಡಿಗೆ ಹೋಗಿ ಆ ಭಾಷೆ ಬಲ್ಲವರನ್ನು ಕರೆತರುತ್ತಿದ್ದೆ. ಐದು ನಿಮಿಷದ ಕೆಲಸ. ಆ ಭಾನುವಾರವೂ ಬಸ್ ಸ್ಟ್ಯಾಂಡ್ ಆಸ್ಪತ್ರೆಯ ಎದುರಿಗೇ ಇತ್ತು.