ಡೊರಿಲಾಳ ಕತ್ತರಿ

ನನ್ನ ಅತ್ತಿಗೆ ಡೊರಿಲಾಳ ಬಗ್ಗೆ ಊರಿನವರು ಏನೇನೋ ಹೇಳುತ್ತಾರೆ. ಹೇಳಲಿ, ಊರಬಾಯಿಗೆ ಬೀಗ ಹಾಕುವುದಕ್ಕೆ ಆಗುತ್ತದೆಯೇ? ಆದರೆ ಅವಳ ತಮ್ಮನನ್ನು ಕಟ್ಟಿಕೊಂಡು ಅವಳ ಪಕ್ಕದ ಮನೆಯಲ್ಲೇ ಇಷ್ಟು ವರ್ಷ ಬಾಳಿದವಳು ನಾನು. ನನಗೆ ಗೊತ್ತಿರುವುದು ಆ ಮೇಕೆ ಕಾಯುವ ಸೆಲೀನಾಗೆ ಗೊತ್ತಿಲ್ಲ.

ಡೊರಿಲಾ ದಿಂಬು ಹೊಲಿಯುವವಳು. ನಮ್ಮ ಸಪೊತಿಯೊ ಕಡೆಯ ಬೂರುಗದ ಮರಗಳು ಕಾಯೊಡೆದು ಅರಳೆ ಉದುರಿಸುವ ಕಾಲಕ್ಕೆ ಅವಳ ಹುಬ್ಬು, ಜಡೆ, ಲಂಗವೆಲ್ಲ ಬೆಳ್ಳಗೆ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಸದಾ ಸೊಂಟದಲ್ಲಿ ನೇತಾಡುತ್ತಿರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಆ ಕತ್ತರಿಯಿಂದಲೇ ಬದುಕಿದಳು. ಹೆಂಗಸರನ್ನೆಲ್ಲ ಸೇರಿಸಿ ದಿಂಬಿನ ಸಂಘ ಕಟ್ಟಿದಳು, ಅಧ್ಯಕ್ಷೆಯೂ ಆದಳು. ಮಾತು ಕೊಟ್ಟರೆ ಮುಗಿಯಿತು ಅನ್ನುವ ಹೆಂಗಸು. ಊರಲ್ಲಿ ಜಗಳವಾದರೆ ಪಾದ್ರಿಗಿಂತ ಮೊದಲು ಅವಳಿಗೇ ಹೇಳಿಕಳಿಸುತ್ತಿದ್ದರು.

ಅವಳ ಮನೆಯಲ್ಲಿ ಒಂದು ಪೆರೀಕೊ ಇತ್ತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಗಿಳಿ, ಮೈ ಹಸಿರು, ಕೆನ್ನೆ ಬೂದು. ಆಗ ಯಾರ ಮನೆಯಲ್ಲಿ ಇರಲಿಲ್ಲ ಹೇಳಿ? ಮರದ ಮೇಲಿನ ಗೆದ್ದಲಿನ ಗೂಡನ್ನು ಕೊರೆದು ಇವು ಮೊಟ್ಟೆ ಇಡುತ್ತವೆ. ಗಂಡಸರು ಮರ ಹತ್ತಿ, ಗೂಡು ಒಡೆದು ಮರಿ ಇಳಿಸುತ್ತಿದ್ದರು. ಹೆಂಗಸರು ಮುಸುಕಿನ ಜೋಳ ಅಗಿದು, ಬಾಯಿಂದ ಬಾಯಿಗೆ ಕೊಟ್ಟು ಸಾಕುತ್ತಿದ್ದರು. ಹಾರಿಹೋಗದ ಹಾಗೆ ಆಗಾಗ ರೆಕ್ಕೆ ಕತ್ತರಿಸಿದರೆ ಆಯಿತು, ಗಿಳಿ ಮನೆಯ ಮಗುವಿನ ಹಾಗೆ ಕಾಲಡಿಯಲ್ಲೇ ಓಡಾಡಿಕೊಂಡಿರುತ್ತಿತ್ತು. ಡೊರಿಲಾಳದ್ದು ಮರಿಯಾಗಿದ್ದಾಗ ಬಾಳೆಕಾಯಿ ಸಾರಿಗೆ, ಅದೇ ನಮ್ಮ ರೇಪೆಗೆ, ಬಿದ್ದು ಕುತ್ತಿಗೆವರೆಗೆ ಮುಳುಗಿ ಎದ್ದಿತ್ತು. ಅವತ್ತಿನಿಂದ ಅದರ ಹೆಸರೂ ರೇಪೆ. ಅವಳು ಹೊಲಿಯುತ್ತ ಕೂತರೆ ಲಂಗ ಹಿಡಿದು ಹೆಗಲಿಗೆ ಹತ್ತಿ ಕಿವಿಯ ತುದಿ ಕಚ್ಚುತ್ತಿತ್ತು.

ಮೊದಲೆಲ್ಲ ಬೂರುಗ ಹೂಬಿಟ್ಟಾಗ ಕಾಡಿನ ಪೆರೀಕೊಗಳ ಗಲಾಟೆಗೆ ಚರ್ಚಿನಲ್ಲಿ ಪಾದ್ರಿಯ ಮಾತೇ ಕೇಳುತ್ತಿರಲಿಲ್ಲ. ಬರಬರುತ್ತ ಒಂದು ಸಣ್ಣ ಹಿಂಡು ಉಳಿಯಿತು. ಗೂಡು ಒಡೆದು ಒಡೆದು ನಾವೇ ಮುಗಿಸುತ್ತಿದ್ದೇವೆ ಎಂದು ಡೊರಿಲಾಗೆ ಅನ್ನಿಸಿತು. ನಾಟಕವಲ್ಲ, ಮನಸಾರೆ ಅನ್ನಿಸಿತು. ಊರಸಭೆಯಲ್ಲಿ ಎದ್ದು ನಿಂತು, ಎಲ್ಲರೂ ಸಾಕಿದ ಗಿಳಿಗಳನ್ನು ಬಿಟ್ಟುಬಿಡೋಣ ಎಂದಳು. ಗರಿ ಪೂರ್ತಿ ಬೆಳೆಯುವವರೆಗೆ ಬಿದಿರಿನ ಪಂಜರದಲ್ಲಿಡಬೇಕು, ಯಾರೂ ಕತ್ತರಿ ಮುಟ್ಟಬಾರದು, ಬೂರುಗ ಹೂಬಿಟ್ಟ ಮೇಲೆ ಒಂದು ಭಾನುವಾರ ಎಲ್ಲರೂ ಒಟ್ಟಿಗೆ ಹಾರಿಸಬೇಕು. ಈ ಕಟ್ಟುಪಾಡು ಮಾಡಿದವಳೂ ಅವಳೇ.

ಒಪ್ಪದೆ ಹಟ ಹಿಡಿದವರು ಸೆರ್ವಿಲಿಯೊ ತಾತ ಒಬ್ಬರೇ. ಅವರು ತಮ್ಮ ಗಿಳಿಯನ್ನು ಹುಲ್ಲುಟೋಪಿಯೊಳಗೆ, ನೆತ್ತಿಯ ಮೇಲೆ ಕೂರಿಸಿಕೊಂಡೇ ತಿರುಗುವವರು. ಅದನ್ನು ಕರೆಯುತ್ತಿದ್ದದ್ದೇ ಮಗ ಎಂದು.

"ನೀನು ನಿನ್ನದನ್ನ ಬಿಡ್ತೀಯೇನವ್ವಾ?" ಎಂದು ಕೇಳಿದರು.

"ಬಿಡ್ತೀನಿ ತಾತ. ನನ್ನ ಮಾತು ಯಾವತ್ತಾದ್ರೂ ಸುಳ್ಳಾಗಿದೆಯಾ?"

"ಹಂಗಾದ್ರೆ ಸರಿ. ನೀನು ಬಿಟ್ರೆ ನಾನೂ ಬಿಡ್ತೀನಿ."

ಆ ಭಾನುವಾರ ಬಂತು. ಡೊರಿಲಾಳ ಹಿತ್ತಲಿನ ಆಚೆಗಿರುವ ದೊಡ್ಡ ಬೂರುಗದ ಕೆಳಗೆ ಊರೆಲ್ಲ ಸೇರಿತು. ಮೇಲೆ ಹಿಂಡು ಹೂ ತಿನ್ನುತ್ತಿತ್ತು. ಒಬ್ಬೊಬ್ಬರೇ ಹಾರಿಸಿದರು. ಸೆರ್ವಿಲಿಯೊ ತಾತ ಟೋಪಿ ತೆಗೆದು, ಗಿಳಿಯ ತಲೆಗೆ ಮುತ್ತಿಟ್ಟು, ಕಣ್ಣುಮುಚ್ಚಿ ಕೈ ಬಿಟ್ಟರು. ಅದು ಹಾರಿದಾಗ ರೆಕ್ಕೆಯಡಿಯ ಕಿತ್ತಳೆ ಬಣ್ಣ ಝಗ್ಗೆಂದಿತು. ಇಷ್ಟು ವರ್ಷ ಸಾಕಿದ್ದರೂ ಆ ಬಣ್ಣವನ್ನು ನಾವು ಹಾಗೆ ನೋಡಿರಲೇ ಇಲ್ಲ.

ಕೊನೆಗೆ ಅಧ್ಯಕ್ಷೆಯ ಸರದಿ. ಡೊರಿಲಾ ರೇಪೆಯನ್ನು ಮೇಲಕ್ಕೆ ಎಸೆದಳು. ಅದು ಪಟಪಟ ಬಡಿದುಕೊಂಡು ಧೊಪ್ಪನೆ ಸೆಲೀನಾಳ ಕಾಲಬುಡದಲ್ಲಿ ಬಿತ್ತು. ಬಿದ್ದದ್ದು ಎದ್ದು, ಮೈ ಕೊಡವಿ, ಜನರ ಕಾಲುಗಳ ನಡುವೆ ಪುಟುಪುಟು ನಡೆಯುತ್ತ ಡೊರಿಲಾಳ ಕಡೆಗೇ ಹೊರಟಿತು.

"ಅಧ್ಯಕ್ಷರ ಗಿಳಿ ನಡ್ಕೊಂಡೇ ಕಾಡಿಗೆ ಹೋಗ್ತದೇನೋ!" ಎಂದಳು ಸೆಲೀನಾ. ಎಲ್ಲರೂ ನಕ್ಕರು. ಆಮೇಲೆ ಅವಳು ಬಗ್ಗಿ ಅದನ್ನೆತ್ತಿ ರೆಕ್ಕೆ ಬಿಡಿಸಿದಳು. ಗರಿಗಳ ತುದಿ ಗೆರೆ ಎಳೆದ ಹಾಗೆ ನೇರವಾಗಿತ್ತು. "ನೋಡ್ರೇ ಇಲ್ಲಿ, ಇವತ್ತೇ ಕತ್ತರಿಸಿದ್ದು!"

ನಗು ನಿಂತಿತು. ಎಲ್ಲರ ಕಣ್ಣೂ ಡೊರಿಲಾಳ ಸೊಂಟದ ಕತ್ತರಿಯ ಮೇಲೆ. ರೇಪೆಗೇನು ಗೊತ್ತು ಪಾಪ, ಸೆಲೀನಾಳ ಕೈಯಿಂದ ಜಾರಿ ಬಂದು, ಡೊರಿಲಾಳ ಲಂಗ ಹಿಡಿದು ಹತ್ತಿ ಎಂದಿನಂತೆ ಕಿವಿ ಕಚ್ಚಿತು. ಅದನ್ನು ಹೆಗಲ ಮೇಲಿಟ್ಟುಕೊಂಡೇ ಅವಳು ಅಷ್ಟೂ ಜನರ ನಡುವೆ ಮನೆಗೆ ನಡೆದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೇ. ಅವಳಿಗೆ ಹೇಗಿತ್ತೋ!

ನಾನು ಸುಮ್ಮನಿರುವವಳಲ್ಲ. ಹಿಂದೆಯೇ ಹೋಗಿ ಚೆನ್ನಾಗಿ ಬೈದೆ. "ನಾಚಿಕೆ ಆಗಲ್ವಾ ಅತ್ತಿಗೆ? ಊರಿಗೆಲ್ಲ ಬುದ್ಧಿ ಹೇಳಿ ನೀವೇ ಹಿಂಗಾ ಮಾಡೋದು?"

"ಒಂಚೂರು ತುದಿ ತೆಗೆಯೋಣ ಅಂದ್ಕೊಂಡೆ ಕಣೇ ಎನಿತ್. ಕೆಳಗಿನ ಕೊಂಬೆವರೆಗೆ ಹಾರಿ, ಸಂಜೆಗೆ ಮನೆಗೆ ಬರ್ಲಿ ಅಂತ. ಕತ್ತರಿ ಜಾಸ್ತಿ ಓಡಿಬಿಡ್ತು. ಅದು ಹೋಗಿಬಿಟ್ರೆ ಅನ್ನೋ ಭಯ ಕಣೇ." ಗೋಡೆ ನೋಡಿಕೊಂಡು ಹೇಳಿದಳು.

ಸಂಘ ಬಿಟ್ಟಳು. ಮುಂಬಾಗಿಲಲ್ಲಿ ಹೊಲಿಯುತ್ತಿದ್ದವಳು ಹಿತ್ತಲಿಗೆ ಸರಿದಳು. ನಲ್ಲಿಯ ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿ ನೀರಿಗೆ ಹೋಗುತ್ತಿದ್ದಳು. ಮಕ್ಕಳು ಬೆರಳುಗಳನ್ನು ಕತ್ತರಿಯಂತೆ ಆಡಿಸಿ ತೋರಿಸಿದರೆ ತಲೆ ತಗ್ಗಿಸುತ್ತಿದ್ದಳು. ಒಬ್ಬರಿಗೂ ಎದುರಾಡಲಿಲ್ಲ. ಡೊರಿಲಾ ಎದುರಾಡದೆ ಇರುವುದನ್ನು ನೋಡುವುದೇ ಒಂದು ಹಿಂಸೆ.

ಸೆರ್ವಿಲಿಯೊ ತಾತ ದಿನಾ ಮಧ್ಯಾಹ್ನದ ಮೇಲೆ ಮಾಗಿದ ಬಾಳೆಹಣ್ಣು ಹಿಡಿದು ಬಂದು, ಟೋಪಿಯನ್ನು ಮಗುಚಿಟ್ಟು ಬೂರುಗದ ಕೆಳಗೆ ಕೂರುತ್ತಿದ್ದರು. ಅವರ ಮಗ ಮತ್ತೆ ಬರಲೇ ಇಲ್ಲ. ಒಂದು ದಿನ ನಾನೂ ಡೊರಿಲಾಳ ಜೊತೆ ಹಿತ್ತಲಲ್ಲಿ ಅರಳೆ ಬಿಡಿಸುತ್ತಿದ್ದಾಗ ಅವರು ಸೀದಾ ಅಲ್ಲಿಗೇ ಬಂದರು. ಡೊರಿಲಾ ಎದ್ದು ನಿಂತಳು.

"ಬೈದುಬಿಡಿ ತಾತ. ನಿಮ್ಮ ಬಾಯಿಂದ ಬೈಸಿಕೊಂಡ್ರೇನೇ ನನಗೆ ಸಮಾಧಾನ."

"ಬೈಯೋಕೆ ಬಂದಿಲ್ಲವ್ವಾ. ಒಂದು ಮಾತು ಕೇಳೋಣ ಅಂತ ಬಂದೆ." ತಾತ ಟೋಪಿಯ ಅಂಚನ್ನು ಸವರುತ್ತ ನಿಂತರು. "ಕತ್ತರಿಸೋದು ಅಂತ ಇದ್ದಿದ್ರೆ, ನನ್ನ ಕಿವೀಲೂ ಒಂದು ಮಾತು ಹಾಕಬಾರದಿತ್ತಾ? ನಿನ್ನ ಕತ್ತರೀನೇ ಇಸ್ಕೊಂಡು ನಾನೂ ಒಂಚೂರು ತೆಗೀತಿದ್ದೆ."

ಡೊರಿಲಾ ಕೂತುಬಿಟ್ಟಳು. ಊರೆಲ್ಲ ಆಡಿಕೊಂಡಾಗ ಬಾರದ ಅಳು ಆಗ ಬಂತು.

ಮುಂದಿನ ವರ್ಷ ಹಳೆಯ ಗರಿ ಉದುರಿ ರೇಪೆಗೆ ಹೊಸ ಗರಿ ಬಂದವು. ಅಲ್ಲಿಯತನಕ ಅದು ಪಂಜರದೊಳಗೇ ಇತ್ತು, ಕತ್ತರಿ ಅದರ ಹತ್ತಿರ ಸುಳಿಯಲಿಲ್ಲ. ಬೂರುಗ ಮತ್ತೆ ಹೂಬಿಟ್ಟಾಗ, ಚರ್ಚು ಬಿಡುವ ಹೊತ್ತಿಗೇ ಸರಿಯಾಗಿ ಅವಳು ಗಿಳಿ ಹಿಡಿದು ಮರದ ಕೆಳಗೆ ನಿಂತಳು. ನಾನು ಬೇಡವೆಂದೆ, ಕೇಳಲಿಲ್ಲ. ಬಂದವರಿಗೆಲ್ಲ ರೆಕ್ಕೆ ಬಿಡಿಸಿ ತೋರಿಸಿದಳು. ಸೆಲೀನಾ ಒಂದೊಂದು ಗರಿಯನ್ನೂ ಎಳೆದು ನೋಡಿದಳು, ಹಾಳಾದವಳು.

ಡೊರಿಲಾ ಕೈ ಬಿಟ್ಟಳು. ಕಿತ್ತಳೆ ಬಣ್ಣ ಝಗ್ಗೆಂದಿತು. ರೇಪೆ ಮರದ ನೆತ್ತಿಗೆ ಏರಿತು, ಹಿಂಡಿನೊಂದಿಗೆ ಎದ್ದು ಗುಡ್ಡದಾಚೆ ಹೋಯಿತು. "ಆಯ್ತು ಬಿಡು ಡೊರಿಲಾ, ಮಾತು ಉಳಿಸ್ಕೊಂಡೆ," ಎಂದು ಸೆಲೀನಾಳೇ ಹೇಳಿದಳು. ವರ್ಷದ ಮೇಲೆ ನನ್ನ ಅತ್ತಿಗೆ ತಲೆಯೆತ್ತಿ ನಾಲ್ಕು ಜನರ ಮುಖ ನೋಡಿದಳು.

ಸಂಜೆ ಹಿತ್ತಲಲ್ಲಿ ತಾತನಿಗೂ ನನಗೂ ಕಾಫಿ ಕೊಟ್ಟಳು. ತಾತನ ಪಕ್ಕದಲ್ಲಿ ಟೋಪಿ, ಬಾಳೆಹಣ್ಣು. ಅಷ್ಟರಲ್ಲಿ ಮೇಲಿಂದ ಕಿಚಕಿಚ ಸದ್ದು. ಏನೆಂದು ನೋಡುವುದರೊಳಗೆ ರೇಪೆ ಇಳಿದು ಬಂದು ಡೊರಿಲಾಳ ಹೆಗಲ ಮೇಲೆ ಕೂತಿತು. ಕೊಕ್ಕಿಗೆಲ್ಲ ಹೂವಿನ ಪುಡಿ ಮೆತ್ತಿತ್ತು. ಕಿವಿಯ ತುದಿ ಕಚ್ಚಿತು.

ನಾನೊಬ್ಬಳು ದಡ್ಡಿ, ಚಪ್ಪಾಳೆ ತಟ್ಟಿದೆ. "ಅತ್ತಿಗೆ, ಬಂತು ನೋಡಿ! ತಾನಾಗೇ ಬಂತು!"

ಅವಳು ನಗಲಿಲ್ಲ. ಮುಖ ಕಪ್ಪಿಟ್ಟಿತು. "ಕತ್ತರಿ ಬೇಕೇ ಇರ್ಲಿಲ್ಲ ಕಣೇ ಎನಿತ್," ಎಂದಳು. "ಅವತ್ತೂ ಹಿಂಗೇ ಬರ್ತಿತ್ತು."

ತಾತ ನಿಧಾನವಾಗಿ ಬಾಳೆಹಣ್ಣು ಸುಲಿದು, ಒಂದು ತುಂಡು ಮುರಿದು ರೇಪೆಯ ಮುಂದೆ ಹಿಡಿದರು. ಅದು ತಿನ್ನುವುದನ್ನೇ ಸ್ವಲ್ಪ ಹೊತ್ತು ನೋಡಿದರು.

"ಗುಡ್ಡದಾಚೆ ನನ್ನ ಮಗ ಏನಾದ್ರೂ ಕಂಡ್ನಾ ಅಂತ ಕೇಳವ್ವಾ," ಎಂದರು. "ನಿನ್ನ ಮಾತು ಅದು ಕೇಳ್ತದೆ."

ಡೊರಿಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ತಾತ ಉತ್ತರಕ್ಕೆ ಕಾಯುತ್ತ ಕೂತೇ ಇದ್ದರು.