ನನಗಿಂತ ಮೊದಲು ಅಷ್ಟೂರಿಗೆ ಹೋದ ಲಿಂಗ

ನಾಲ್ಕು ವರ್ಷದ ಹಿಂದೆ ಒಂದು ದಿನ ನನ್ನ ಇಷ್ಟಲಿಂಗ ನನಗಿಂತ ಆರು ತಾಸು ಮೊದಲೇ ಅಷ್ಟೂರಿಗೆ ಹೋಗಿ ಕೂತಿತ್ತು. ನಡೆದದ್ದು ಇಷ್ಟೇ. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ದೆವ್ವ, ಪವಾಡ ಎಂದು ಮಾತು ತೆಗೆದವರ ಮನೆಯಿಂದ ಚಹಾ ಕುಡಿಯದೆ ಎದ್ದು ಬಂದವಳು ನಾನು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಸೊಸೆ ನಮ್ಮ ಔರಾದಿನ ಮನೆಗೆ ಬಂದು ಹನ್ನೆರಡು ವರ್ಷವಾದರೂ ಬೀದರಿನ ಹತ್ತಿರದ ಅಷ್ಟೂರಿನ ಗುಮ್ಮಟಗಳನ್ನು ನೋಡಿರಲಿಲ್ಲ. ಹಳೆಯ ಸುಲ್ತಾನರ ಗೋರಿಗಳು. ಅವುಗಳಲ್ಲೊಂದು ಸಿಡಿಲು ಬಡಿದು ಸೀಳಿ ನಿಂತಿದೆ. ಸೊಸೆ ಆಗ ಭಾಲ್ಕಿಯ ತವರಿನಲ್ಲಿದ್ದಳು. ಅಲ್ಲಿಂದಲೇ ಕರೆದುಕೊಂಡು ಹೋಗೋಣ ಎಂದು ಮಗ ಬಾಡಿಗೆ ಜೀಪು ತಂದ. ಹತ್ತಕ್ಕೆಲ್ಲ ಮುಟ್ಟುತ್ತೇವೆ ಎಂದ. ಆ ಮಾತು ನಂಬಿ ಮನೆಯಲ್ಲಿ ಲಿಂಗಪೂಜೆ ಮಾಡದೆ ಹೊರಟೆ, ಅಲ್ಲೇ ಮಾಡಿದರಾಯಿತು ಅಂದುಕೊಂಡೆ. ಅದೇ ನನ್ನ ತಪ್ಪು. ಪೂಜೆಯಾಗದೆ ನಾನು ಹನಿ ನೀರೂ ಮುಟ್ಟುವುದಿಲ್ಲ.

ದಾರಿಯಲ್ಲಿ ಗಾಲಿ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿಯಿರಲಿಲ್ಲ. ಹತ್ತು ಗಂಟೆಗೆ ನಾವು ಜಾಲಿ ಗಿಡದ ಕೆಳಗೆ ಕೂತಿದ್ದೆವು. ಭಾಲ್ಕಿ ಮುಟ್ಟಿದಾಗ ಹನ್ನೆರಡು. ಸೊಸೆಯನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ರೇಡಿಯೇಟರ್ ಸೋರತೊಡಗಿತು. ಗ್ಯಾರೇಜಿನ ನಳದಲ್ಲಿ ಮುಖ ತೊಳೆಯಲು ಬಗ್ಗಿದಾಗ ಕೊರಳು ಹಗುರ ಅನಿಸಿತು. ಶಿವದಾರವಿಲ್ಲ, ಲಿಂಗವಿದ್ದ ಬೆಳ್ಳಿ ಕರಡಿಗೆಯೂ ಇಲ್ಲ. ಔರಾದ ಬಿಡುವಾಗ ಕೈಯಿಂದ ಮುಟ್ಟಿ ನೋಡಿಕೊಂಡಿದ್ದೆ. ಜೀಪಿನ ಸೀಟು ಕಿತ್ತು ಹುಡುಕಿದರೂ ಸಿಗಲಿಲ್ಲ.

ಹೊಸ ಲಿಂಗವನ್ನು ನಮ್ಮ ಮಠದ ಅಯ್ಯನವರೇ ಕೊಡಬೇಕು. ಮಗ ಫೋನು ಹಚ್ಚಿದರೆ, ಅವರು ಪರ ಊರಿನಲ್ಲಿದ್ದಾರೆ, ಬರುವುದು ಇನ್ನು ಮೂರು ದಿನಕ್ಕೆ ಎಂದು ಮಠದವರು ಹೇಳಿದರು. ಮೂರು ದಿನ ಈ ದೇಹ ತಡೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

“ಅತ್ತಿ, ಒಂದ್ ಗುಟುಕು ನೀರರೆ ಕುಡೀರಿ. ಮಾರಿ ಬಾಡೇದ ನೋಡ್ರಿ,” ಎಂದಳು ಸೊಸೆ.

“ಲಿಂಗ ಕಳಕೊಂಡಾಕಿ ಬಾಯಿಗೆ ನೀರ್ ಯಾಕ?” ಅಂದೆ.

ಮಗನಿಗೆ ಸಿಟ್ಟು ಬಂತು. “ಸಕ್ರಿ ಬ್ಯಾನಿ ಅದ ನಿನಗ. ಬಿದ್ರ ಹೊತ್ಕೊಂಡು ಗುಮ್ಮಟ ತೋರಸ್ಲೇನು?”

“ಗೋರಿ ಅಲ್ಲೇ ಅವಲ್ಲ, ತಿರುಗಿ ಹೊರೋದು ಉಳೀತು ತಗೊ.”

ಅವನು ನಗಲಿಲ್ಲ. ಮನೆಗೆ ತಿರುಗಿ ಹೋದರೂ ಉಪವಾಸವೇ, ಮುಂದೆ ಹೋದರೂ ಉಪವಾಸವೇ. ಸೊಸೆಯ ಮುಖ ನೋಡಿ, ಜೀಪು ಗ್ಯಾರೇಜಿನಲ್ಲೇ ಬಿಟ್ಟು, ಇಬ್ಬರನ್ನೂ ಕರೆದುಕೊಂಡು ಬೀದರ ಬಸ್ಸು ಹತ್ತಿದೆ.

ಅಷ್ಟೂರು ಮುಟ್ಟಿದಾಗ ನಾಲ್ಕು. ಕಣ್ಣು ಕತ್ತಲಿಡುತ್ತಿತ್ತು. ದೊಡ್ಡ ಗುಮ್ಮಟದ ಮೆಟ್ಟಿಲ ಮೇಲೆ ಕೂತಿದ್ದ, ಕಸ ಗುಡಿಸುವ ಮುಸಲ್ಮಾನ ಮುದುಕಿ ನನ್ನನ್ನು ನೋಡಿ ಎದ್ದಳು.

“ಬಂದ್ರೇನ್ರಿ ಅಮ್ಮಾ? ನಿಮ್ಮ ದೇವ್ರು ಬಿಟ್ ಹೋಗೀರಲ್ಲ. ನಾ ಮುಟ್ಟಿಲ್ಲ. ನಾಯಿ ಗೀಯಿ ಬಂದಾವಂತ ಕಾಯ್ಕೋತ ಕುಂತೀನಿ.”

ಗೋಡೆಯ ಗೂಡಿನಲ್ಲಿ ಶಿವದಾರದ ಸಮೇತ ಕರಡಿಗೆ ಇತ್ತು. ಮುಚ್ಚಳದ ಮೇಲೆ ನನ್ನ ಮಗ ಹಲ್ಲು ಬರುವಾಗ ಕಚ್ಚಿದ ತಗ್ಗು. ಒಳಗೆ ನನ್ನ ಲಿಂಗ. ಅದರ ಮೇಲೆ, ನಾನಿನ್ನೂ ಹಚ್ಚದಿದ್ದ ಆ ದಿನದ ವಿಭೂತಿ.

“ಯಾವಾಗ ಬಿಟ್ಟೆ ನಾ?” ಎಂದು ಕೇಳಿದೆ.

“ಹತ್ತಕ್ರೀ. ಇದೇ ಹಸಿರು ಸೀರಿ. ಇವ್ರಿಬ್ರೂ ಇದ್ರು. ಪೂಜಾ ಮಾಡಿ ಊಟ ಮಾಡಿದ್ರಿ.”

ಮಗ ನನ್ನ ಮುಖ ನೋಡಿದ. ಅಲ್ಲೇ ಕೂತು ಪೂಜೆ ಮಾಡಿ ನೀರು ಕುಡಿದೆ. ಬೆಳಿಗ್ಗೆ ಔರಾದಿನಲ್ಲಿ ಕಟ್ಟಿದ ಬುತ್ತಿಯ ಗಂಟು ಹಾಗೇ ಇತ್ತು. ಸೊಸೆ ಹಲ್ಲಿನಿಂದ ಬಿಚ್ಚಿದಳು. ಮುದುಕಿಗೂ ಶೇಂಗಾ ಹಿಂಡಿ ಚಟ್ನಿ ಹಚ್ಚಿ ಒಂದು ರೊಟ್ಟಿ ಕೊಟ್ಟೆ.

“ಮತ್ತೊಂದೇನ್ರಿ? ಮುಂಜಾನಿ ನೀವ್ ಕೊಟ್ಟಿದ್ದೇ ಹೊಟ್ಟ್ಯಾಗ ಅದ,” ಎಂದು ನಕ್ಕು ಸೆರಗಿನಲ್ಲಿ ಕಟ್ಟಿಕೊಂಡಳು.

ಸುಳ್ಳು ಹೇಳಿ ಆಕೆಗೆ ಬರುವುದೇನಿತ್ತು? ಇಷ್ಟು ವರ್ಷ ಯೋಚಿಸಿದ್ದೇನೆ, ತಲೆನೋವಷ್ಟೇ ಬಂತು.

ಆ ರಾತ್ರಿ ಬೀದರಿನ ಮೈಲೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮಾಡದೆ, ಯಾರಿಗೂ ಹೇಳದೆ ಆಟೋ ಹಿಡಿದು ಅಷ್ಟೂರಿಗೆ ಹೋದೆ. ಹತ್ತಕ್ಕೆ ಸರಿಯಾಗಿ ಅದೇ ಮೆಟ್ಟಿಲ ಮೇಲೆ ಕೂತು ಪೂಜೆ ಮಾಡಿದೆ. ಶಿವದಾರವನ್ನು ಕೊರಳಿಗೆ ಹಾಕಿ ಎರಡು ಗಂಟು ಬಿಗಿದೆ. ಆಮೇಲೆ ಹನ್ನೆರಡರವರೆಗೆ ದಾರಿಯ ಕಡೆ ಮುಖ ಮಾಡಿ ಕೂತೆ, ಆ ಹಸಿರು ಸೀರೆಯವಳು ಇನ್ನೊಬ್ಬಳಿದ್ದರೆ ಬರಲಿ ಎಂದು.